ಕಪ್ಪು ಪರದೆಯ ಹಿಂದಿನ ಪೆದ್ದಣ್ಣ

ಶಬ್ದವನ್ನು ತಡೆದೇ ತೀರುತ್ತೇನೆ ಎಂದು ಅಂದು ಬೆಳಿಗ್ಗೆ ಶಪಥ ಮಾಡಿದವನು ನಾನು. ಇಪ್ಪತ್ತೆರಡು ವರ್ಷ ಪತ್ರಿಕೆಗೆ ವಿಶೇಷ ಲೇಖನ ಬರೆದವನಿಗೆ ಒಂದು ಕೋಣೆಯ ಬಾಗಿಲು ಯಾವ ಲೆಕ್ಕ!

ನನ್ನ ಹೆಂಡತಿ ಅಂಧ ಮಕ್ಕಳ ಶಾಲೆಗಾಗಿ ವಿಜ್ಞಾನದ ಪಾಠವೊಂದನ್ನು ಓದಿ ರೆಕಾರ್ಡ್ ಮಾಡಬೇಕಿತ್ತು. ಸಂಜೆ ನಾಲ್ಕರೊಳಗೆ ಕಳಿಸಬೇಕು. ಶಾಲೆಯವರಿಗೆ ಹಿಡಿಸಿದರೆ ಇಡೀ ಪುಸ್ತಕ ಓದುವ ಕೆಲಸ ಅವಳದು. ಎರಡು ವರ್ಷದಿಂದ ಕಾದಿದ್ದಳು. ನನಗೋ, ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡದೆ ಕಚೇರಿಗೆ ಕಳಿಸಿದ ಚರಿತ್ರೆಯೇ ಇಲ್ಲ. ನಮ್ಮಿಬ್ಬರ ಕೋಣೆಗಳ ನಡುವಿನ ಬಾಗಿಲು ರಿಪೇರಿಗೆಂದು ಬಡಗಿಯ ಅಂಗಡಿ ಸೇರಿತ್ತು.

“ಇವತ್ತೊಂದಿನ ಮನಸ್ಸಲ್ಲೇ ಓದ್ಕೊಳ್ರೀ.”

“ಅದು ನನ್ನ ವೃತ್ತಿಗೇ ಅವಮಾನ!”

ಏಣಿ ತಂದೆ. ಚೌಕಟ್ಟಿಗೆ ದಪ್ಪ ಕಪ್ಪು ಪರದೆ ಬಿಗಿದೆ. ಅವಳ ಕಡೆಯಿಂದ ಟಾರ್ಚ್ ಹಾಕಿಸಿದೆ. ನನ್ನ ಕಡೆ ಸಾಸಿವೆಯಷ್ಟೂ ಬೆಳಕಿಲ್ಲ!

“ನೋಡಿದ್ಯಾ? ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡೋ ಬೆಳಕೇ ನಿಂತೋಯ್ತು. ಮುನ್ನೂರ ಚಿಲ್ಲರೆ ಮೀಟರ್ ತೆವಳೋ ಶಬ್ದ ದಾಟುತ್ತಾ?”

“ರೀ, ಆ ಅಲೆ ಬೇರೆ, ಈ ಅಲೆ ಬೇರೆ. ಬೆಳಕು ನೇರ ಬಂದು ಬಟ್ಟೇಲಿ ನಿಂತ್ಬಿಡುತ್ತೆ. ಶಬ್ದ ಗಾಳೀನ ತಳ್ಕೊಂಡು, ಸಂದೀಲಿ ನುಸುಳಿ, ಮೂಲೆ ಸುತ್ಕೊಂಡು ಬರುತ್ತೆ. ನಾನು ಓದ್ಬೇಕಾಗಿರೋ ಪಾಠಾನೇ ಅದು!”

“ಪಾಠ ನಿನ್ನದು, ಪ್ರಯೋಗ ನನ್ನದು!”

ಕೂತೆ. ‘ಮೌನದ ಮಹಿಮೆ’ ಎಂಬ ನನ್ನ ಲೇಖನವನ್ನು ತಾರಸ್ವರದಲ್ಲಿ ಓದಿದೆ. ಆಮೇಲೆ ಕಚೇರಿಯ ಉಪಸಂಪಾದಕನಿಗೆ ಫೋನ್ ಹಚ್ಚಿದೆ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಪರದೆ ಸರಿಯಿತು. ಓದುವ ಭರದಲ್ಲಿ, ಕಿವಿಗೆ ಹೆಡ್‌ಫೋನ್ ಬೇರೆ ಇದ್ದುದರಿಂದ, ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಓದಿ ಮುಗಿಸಿ ಒಮ್ಮೆ ಕೇಳಿ ನೋಡಿದವಳು, ಈಗ ನನಗೂ ರೆಕಾರ್ಡಿಂಗ್ ಕೇಳಿಸಿದಳು.

ಅವಳ ದನಿ: “ಅಡ್ಡ ಕಟ್ಟಿದರೂ ಶಬ್ದವು ಅಂಚನ್ನು ಬಳಸಿ ಆಚೆ ತಲುಪುತ್ತದೆ.”

ಒಂದು ಕ್ಷಣದ ಬಿಡುವು. ಅಲ್ಲಿ ನನ್ನ ದನಿ, ಸ್ಫಟಿಕದಷ್ಟು ಸ್ಪಷ್ಟ: “ಒಂದು ಕಪ್ಪು ಪರದೆ ಸಾಕು ಕಣಯ್ಯಾ! ಶಬ್ದಾನೇ ಕಟ್ಟಿ ಹಾಕಿದೀನಿ. ಪಕ್ಕದ ಕೋಣೆಗೆ ಒಂದಕ್ಷರ ಹೋಗಲ್ಲ!”

“ಮತ್ತೆ ಓದೋಕೆ ಟೈಮಿಲ್ಲ. ಹೋಯ್ತು ನನ್ನ ಪುಸ್ತಕ,” ಎಂದಳು. ಹಾಗೆಯೇ ಕಳಿಸಿದಳು.

ಮರುದಿನ ಮಧ್ಯಾಹ್ನದವರೆಗೆ ಮನೆಯಲ್ಲಿ ಶಬ್ದವೇ ಇರಲಿಲ್ಲ. ಅದು ನನ್ನ ಪರದೆಯ ಸಾಧನೆ ಎಂದು ಹೇಳಿಕೊಳ್ಳುವ ಧೈರ್ಯ ಮಾತ್ರ ಆಗಲಿಲ್ಲ.

ಕೊನೆಗೆ ಶಾಲೆಯ ಟೀಚರ್ ಫೋನ್ ಬಂತು; ಅವಳು ಸ್ಪೀಕರ್ ಹಾಕಿದಳು. “ಪರದೆ ಹಿಂದೆ ಒಬ್ಬರನ್ನ ಕೂರಿಸಿ ಉದಾಹರಣೆ ಕೊಟ್ರಲ್ಲ ಮೇಡಂ, ಎಂಥಾ ಉಪಾಯ! ನಮ್ಮ ಮಕ್ಕಳು ನಕ್ಕೂ ನಕ್ಕೂ ಸುಸ್ತು. ಪಾಠ ಮಾತ್ರ ಒಂದೇ ಸಲಕ್ಕೆ ತಲೆಗೆ ಹೋಯ್ತು. ಇಡೀ ಪುಸ್ತಕ ನೀವೇ ಓದಿ. ಆದ್ರೆ ಆ ಪೆದ್ದಣ್ಣ ಪ್ರತಿ ಪಾಠದಲ್ಲೂ ಬರ್ಬೇಕಂತೆ!”

“ಯಾರು ಏನೇ ಹೇಳಲಿ, ಬೆಳಕಂತೂ ಒಂದು ಚುಕ್ಕೆಯೂ ದಾಟಲಿಲ್ಲ!” ಎಂದೆ, ಎದೆಯುಬ್ಬಿಸಿ.

ಅವಳು ನಗುತ್ತಾ ಪುಸ್ತಕದ ಪುಟ ತಿರುಗಿಸಿದಳು.

“ಮುಂದಿನ ಪಾಠ ಗುರುತ್ವಾಕರ್ಷಣೆ. ಏಣಿ ಅಲ್ಲೇ ಇದೆ, ಹತ್ತಿ.”