ಪ್ರಮಿತಾಳ ಕೋಣೆಗೆ ಬಂದ ವೈರು

ಪ್ರಮಿತಾಳಿಗೆ ಬಂದ ಪತ್ರವನ್ನು ಎಲ್ಲರಿಗಿಂತ ಕಡೆಗೆ ಓದುವವಳು ಪ್ರಮಿತಾಳೇ.

ಮೊದಲು ಓದುವವರು ಮಾವ ರಘೂತ್ತಮರಾಯರು. ಚಿತ್ತಾಪುರದ ಆ ಹಳೆಯ ಕಲ್ಲಿನ ಮನೆಯ ಪಡಸಾಲೆಯಲ್ಲಿ, ಬೆತ್ತದ ಕುರ್ಚಿಯ ಮೇಲೆ ಕುಳಿತು, ಬ್ಲೇಡಿನಿಂದ ಲಕೋಟೆಯ ಅಂಚನ್ನು ನೀಟಾಗಿ ಸೀಳಿ, ಅಲ್ಪವಿರಾಮಕ್ಕೆ ಇಷ್ಟು ಪೂರ್ಣವಿರಾಮಕ್ಕೆ ಅಷ್ಟು ಎಂದು ನಿಂತು ನಿಂತು ಗಟ್ಟಿಯಾಗಿ ಓದುತ್ತಿದ್ದರು. ಅತ್ತೆ ಜಾನಕೀಬಾಯಿ ಹೂಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ಹಾಲಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಮಾಳಮ್ಮ ಹೊಸ್ತಿಲಾಚೆ ಕುಳಿತು ಕೇಳುತ್ತಿದ್ದಳು. ಎಲ್ಲರೂ ಕೇಳಿ, ತಲೆದೂಗಿ, ತಮ್ಮ ತಮ್ಮ ಅಭಿಪ್ರಾಯ ಹೇಳಿ ಮುಗಿಸಿದ ಮೇಲೆ ಪತ್ರ ಒಳಗೆ ಬರುತ್ತಿತ್ತು. ಪಂಕ್ತಿಯೆಲ್ಲ ಎದ್ದ ಮೇಲೆ ಬಡಿಸಿದವಳ ಎಲೆಗೆ ಬರುವ ಪಾಯಸದ ಹಾಗೆ.

ರಾಯರಲ್ಲಿ ಕೆಟ್ಟತನವಿರಲಿಲ್ಲ. ಮೂವತ್ತನಾಲ್ಕು ವರ್ಷ ಪೋಸ್ಟ್ ಮಾಸ್ತರರಾಗಿ ಊರಿನ ಲಕೋಟೆಗಳನ್ನೆಲ್ಲ ಕೈಯಲ್ಲಿ ಹಿಡಿದು ಒಂದನ್ನೂ ಒಡೆಯದ ಪ್ರಾಮಾಣಿಕ ಮನುಷ್ಯ. ಆ ಮೂವತ್ತನಾಲ್ಕು ವರ್ಷದ ಹಸಿವನ್ನು ನಿವೃತ್ತಿಯ ನಂತರ ಸೊಸೆಯ ಪತ್ರಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು, ಅಷ್ಟೇ.

ಪ್ರಮಿತಾಳಿಗೆ ಪತ್ರ ಬರೆಯುವವಳೂ ಒಬ್ಬಳೇ. ಗುಲಬರ್ಗಾದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ಭಾಗ್ಯಜ್ಯೋತಿ, ಈಗ ಚಿಂಚೋಳಿಯ ಸೊಸೆ. ಅವಳ ಹೋದ ತಿಂಗಳ ಪತ್ರದಲ್ಲಿ, "ನಿನ್ನ ತಿಂಗಳ ಹೊಟ್ಟೆನೋವು ಈಗ ಹೇಗಿದೆ?" ಎಂದಿತ್ತು. ರಾಯರು ಅದನ್ನು ಮನಿಯಾರ್ಡರಿನ ಹೆಸರು ಕೂಗಿದಷ್ಟೇ ಸ್ಪಷ್ಟವಾಗಿ ಓದಿದರು. ಓದಿದ ಮೇಲೆ ಅರ್ಥವಾಗಿ ಕೆಮ್ಮಿದರು. ಗಂಡ ವೆಂಕಟೇಶ ಪೇಪರಿನ ಹಿಂದೆ ಮಾಯವಾದ. ಮಾಳಮ್ಮ ಹೊಸ್ತಿಲಾಚೆಯಿಂದಲೇ ಅಜವಾನದ ಕಷಾಯ ಹೇಳಿದಳು. ಸಂಜೆ ಸಂತೆಗೆ ಹೋದರೆ ಬೇರೆ ಓಣಿಯ ಇಬ್ಬರು ಹೆಂಗಸರೂ ಅದೇ ಕಷಾಯ ಹೇಳಿದರು.

ಅದೇ ಪತ್ರದ ಕೊನೆಗೆ ಇನ್ನೊಂದು ಮಾತಿತ್ತು. ನಮ್ಮೂರ ಪಕ್ಕದ ಚಂದಾಪುರದಲ್ಲಿ ನೆಟ್ ಸೆಂಟರ್ ಆಗಿದೆ, ಅಲ್ಲಿ ನನ್ನದೊಂದು ವಿಳಾಸ ಮಾಡಿಸಿದ್ದೇನೆ, ಗುರುವಾರ ಪೇಟೆಗೆ ಬಂದಾಗ ನಾಲ್ಕರ ತನಕ ಅಲ್ಲೇ ಇರುತ್ತೇನೆ, ನಿಮ್ಮ ಮನೆಗೂ ನೆಟ್ ಬಂದರೆ ಬರೆ. ಆ ಪತ್ರಕ್ಕೆ ಲಕೋಟೆಯೇ ಇರುವುದಿಲ್ಲ, ಒಡೆಯಲು ಯಾರಿಗೂ ಬರುವುದಿಲ್ಲ. ಇದನ್ನೂ ರಾಯರೇ ಓದಿದರು. ಓದಿ, ಪೂರ್ಣವಿರಾಮಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತರು.

ಒಡೆಯಲು ಬಾರದ ಪತ್ರ. ಪ್ರಮಿತಾ ಆ ದಿನದಿಂದ ಬೇರೇನೂ ಬಯಸಲಿಲ್ಲ.

ವೆಂಕಟೇಶ ಹೈಸ್ಕೂಲು ಮಾಸ್ತರ. ಪ್ರಶ್ನೆಪತ್ರಿಕೆ ಮಾಡಲು ತಂದ ಕಂಪ್ಯೂಟರು ಅವರ ಮಲಗುವ ಕೋಣೆಯಲ್ಲೇ ಇತ್ತು. ಫೋನು ಮಾತ್ರ ಪಡಸಾಲೆಯಲ್ಲಿ, ರಾಯರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ. ಫೋನಿದ್ದಲ್ಲೇ ನೆಟ್ ಇರಲಿ, ಕಂಪ್ಯೂಟರನ್ನೇ ಹೊರಗೆ ತನ್ನಿ ಎಂದು ರಾಯರು ಹೇಳಿದಾಗ ಪ್ರಮಿತಾ ಮದುವೆಯಾದ ಒಂಬತ್ತು ವರ್ಷದಲ್ಲಿ ಮೊದಲ ಸಲ ಮಾವನಿಗೆ ಎದುರಾಡಿದಳು. ರಸ್ತೆಯಲ್ಲಿ ಕಲ್ಲು ಹೊತ್ತ ಲಾರಿಗಳು ಎಬ್ಬಿಸುವ ಧೂಳು ಪಡಸಾಲೆಗೆ ಬರುತ್ತದೆ, ಧೂಳಿಗೆ ಯಂತ್ರ ಕೆಡುತ್ತದೆ ಎಂದಳು. ಧೂಳಿನ ಮಾತು ನಿಜವೇ ಇದ್ದುದರಿಂದ ಕಂಪ್ಯೂಟರು ಕೋಣೆಯಲ್ಲೇ ಉಳಿಯಿತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಟೆಲಿಫೋನ್ ಲೈನ್‌ಮನ್ ಶೌಕತ ಅಲಿ ಸೈಕಲ್ಲಿನ ಹಿಂದೆ ವೈರಿನ ಸುರುಳಿ, ಚೀಲದಲ್ಲಿ ಮೋಡೆಮು ಇಟ್ಟುಕೊಂಡು ಬಂದ. ವೆಂಕಟೇಶ ಆಗಲೇ ಶಾಲೆಗೆ ಹೋಗಿದ್ದ. ನಾಲ್ಕು ಗಂಟೆಯೊಳಗೆ ಆದರೆ ಸಾಕು ಎಂದು ಪ್ರಮಿತಾ ಮೆಲ್ಲಗೆ ಹೇಳಿದಳು. ನಾಲ್ಕು ಯಾಕೆ, ಹತ್ತಕ್ಕೆಲ್ಲ ಮುಗಿಯುತ್ತದೆ ಎಂದು ಶೌಕತ ಅಲಿ ನಕ್ಕ. ಆಮೇಲೆ ಗೋಡೆ ನೋಡಿದ.

ಪಡಸಾಲೆಗೂ ಮಲಗುವ ಕೋಣೆಗೂ ನಡುವೆ ಒಂದೂವರೆ ಮೊಳ ದಪ್ಪದ ಶಹಾಬಾದ ಕಲ್ಲು. ಬಾಗಿಲಿನಿಂದ ವೈರು ತಂದರೆ ಕದ ಮುಚ್ಚಲು ಬರುವುದಿಲ್ಲ. ಡ್ರಿಲ್ಲಿನ ಮೊದಲ ಮೊನೆ ಒಂದು ಬೆರಳು ಒಳಗೆ ಹೋಗಿ ಮುರಿಯಿತು. ಎರಡನೆಯದು ಹೋಗುವುದಕ್ಕೆ ಮೊದಲೇ ಮುರಿಯಿತು. ಶೌಕತ ಅಲಿ ಕನ್ನಡಕ ತೆಗೆದು ಗೋಡೆಯನ್ನು ಗೌರವದಿಂದ ನೋಡಿದ.

"ಅಕ್ಕೋರ, ಈ ಗ್ವಾಡಿಗಿ ಡ್ರಿಲ್ ಸಾಲಂಗಿಲ್ರಿ. ತೋಪು ತರಬೇಕು."

ರಾಯರು ಕುರ್ಚಿಯಿಂದ ಕದಲದೆ, ಹಾಗಾದರೆ ಪಡಸಾಲೆಯಲ್ಲೇ ಇರಲಿ ಎಂದರು. ಪ್ರಮಿತಾ ಅವಸರದಿಂದ, ಮಾಳಿಗೆಯ ಮೇಲಿಂದ ತರಬಹುದಲ್ಲ ಎಂದಳು. ತರಬಹುದಿತ್ತು, ಆದರೆ ಅರ್ಧ ಮಾಳಿಗೆ ಮಾಳಮ್ಮನದು. ಮಾಳಮ್ಮ ಸೊಂಟಕ್ಕೆ ಕೈಯಿಟ್ಟು ವೈರನ್ನು ಹಾವು ನೋಡುವಂತೆ ನೋಡಿದಳು. ಅದರಲ್ಲಿ ಏನು ಹೋಗುತ್ತದೆ ಎಂದು ಕೇಳಿದಳು. ಪತ್ರ ಹೋಗುತ್ತದೆ ಎಂದ ಶೌಕತ ಅಲಿ. ಮಾಳಮ್ಮ ಪ್ರಮಿತಾಳ ಕಡೆ ತಿರುಗಿದಳು.

"ಹಂಗಾರ ಸಣ್ಣ ಬಾಯಾರ, ನಮ್ಮ ಮಾಳಗಿ ಮ್ಯಾಲಿಂದ ಹೋಗೋ ಪತ್ರದಾಗ ಏನದ ಅಂತ ನಮಗ ಗೊತ್ತಾಗಬ್ಯಾಡೇನ್ರಿ?"

ಅಂತೂ ಒಪ್ಪಿದಳು. ಶೌಕತ ಅಲಿ ಬಿಸಿಲಲ್ಲಿ ಬೆವರಿ ವೈರು ಎಳೆದು ಕಟ್ಟಿ, ಕೆಳಗಿಳಿದು ಫೋನಿಗೆ ಜೋಡಿಸಿ, ಪ್ರಮಿತಾ ಕೊಟ್ಟ ಚಹಾ ಬಾಯಿಗಿಟ್ಟಿದ್ದ. ಅಷ್ಟರಲ್ಲಿ ರಾಯರ ಪಕ್ಕದ ಫೋನು ಸ್ಟೂಲಿನಿಂದ ಧುಮುಕಿ, ನೆಲದ ಮೇಲೆ ದಡದಡನೆ ಓಡಿ, ಹೊಸ್ತಿಲಿಗೆ ಬಡಿದು ನಿಂತಿತು. ರಾಯರು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು. ಮೇಲೆ ಹೋಗಿ ನೋಡಿದರೆ ಮಾಳಮ್ಮ ಹೊಸ ವೈರಿನ ಮೇಲೆ ಒಗೆದ ಕೌದಿ ಹಾಕಿದ್ದಳು. ಒದ್ದೆ ಕೌದಿಯೆಂದರೆ ಎಮ್ಮೆಯ ಕರುವಿನಷ್ಟು ಭಾರ. ಇಷ್ಟು ಗಟ್ಟಿಯಾಗಿ ಕಟ್ಟಿದ್ದು ಒಣಗಹಾಕಲಿಕ್ಕಲ್ಲದೆ ಮತ್ತೆ ಯಾಕೆ ಎಂಬುದು ಅವಳ ಪ್ರಶ್ನೆ.

ಹನ್ನೆರಡಾಯಿತು. ಉಳಿದದ್ದು ಒಂದೇ ದಾರಿ. ಪಡಸಾಲೆಯಿಂದ ದೇವರ ಕೋಣೆಯ ಬಾಗಿಲು, ದೇವರ ಕೋಣೆಯ ಹಿಂಗೋಡೆಯ ಬೆಳಕಿಂಡಿ, ಅದರಾಚೆ ಮಲಗುವ ಕೋಣೆ. ದಾರಿಯೇನೋ ನೇರ. ಆದರೆ ಅಂದು ಮಠದ ಗುರುಗಳ ವಾರ, ಜಾನಕೀಬಾಯಿ ಒದ್ದೆ ಸೀರೆಯುಟ್ಟು ಪೂಜೆಗೆ ಅಣಿ ಮಾಡುತ್ತಿದ್ದರು. ಶೌಕತ ಅಲಿಗೆ ಆ ಮನೆಯ ನಿಯಮ ಗೊತ್ತು. ಬಾಗಿಲಿನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತು, "ಬಾಯಿಯವರ, ನಾ ಬರಂಗಿಲ್ರಿ, ವೈರ್ ಒಂದೇ ಬರ್ತದ," ಎಂದ.

"ನೀ ಏನು, ಊಟ ಆಗೋ ತನಕ ನನ್ನ ಮಗನೂ ಈ ಹೊಸ್ತಿಲ ದಾಟಂಗಿಲ್ಲೋ ಶೌಕತ್. ಆದ್ರ ಆ ವೈರ್ ಎಲ್ಲೆಲ್ಲಿ ಬಿದ್ದು ಬಂದದ?"

ಮಾಳಿಗೆಯ ಮೇಲೆ ಕೌದಿ ಹೊತ್ತದ್ದಂತೂ ಎಲ್ಲರಿಗೂ ಗೊತ್ತು. ಪ್ರಮಿತಾ ಬಾಗಿಲಲ್ಲಿ ನಿಂತು ಅತ್ತೆಯ ಮುಖವನ್ನೇ ನೋಡಿದಳು. ಜಾನಕೀಬಾಯಿ ಏನನ್ನು ಕಂಡರೋ, ತಾವೇ ದಾಟಿಸಿಕೊಡುತ್ತೇನೆ, ಅಲ್ಲೇ ಇಟ್ಟು ಎಲ್ಲರೂ ಸರಿಯಿರಿ ಎಂದರು. ಪ್ರಮಿತಾಳ ಕಣ್ಣು ತುಂಬಿ ಬಂತು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ನೀರಿನ ಸದ್ದು ಕೇಳಿತು. ಜಾನಕೀಬಾಯಿ ವೈರಿನ ಸುರುಳಿಯನ್ನು, ತುದಿಯ ಪ್ಲಗ್ಗಿನ ಸಮೇತ, ಹಂಡೆಯಲ್ಲಿ ಮೂರು ಸಲ ಮುಳುಗಿಸಿ ಮಡಿ ಮಾಡಿಕೊಂಡು ಬೆಳಕಿಂಡಿಯಿಂದ ಆಚೆ ಬಿಟ್ಟಿದ್ದರು.

ಮೋಡೆಮಿನಲ್ಲಿ ಒಂದು ದೀಪವೂ ಹತ್ತಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಸ್ನಾನ ಮಾಡಿ ಬಂದ ವೈರನ್ನು ನಾನು ನೋಡಿಲ್ಲ ಎಂದು ಶೌಕತ ಅಲಿ ಹಣೆ ಒತ್ತಿಕೊಂಡು ಕುಳಿತ. ಪ್ರಮಿತಾ ಊಟಕ್ಕೆ ಕೂಡಲಿಲ್ಲ. ಪ್ಲಗ್ಗನ್ನು ಕಿಟಕಿಯ ಬಿಸಿಲಿಗೆ ಹಿಡಿದಳು, ಸೆರಗಿನಿಂದ ಒರೆಸಿದಳು, ಒಲೆ ಊದುವಂತೆ ಊದಿದಳು. ಎರಡೂವರೆಗೆ ಮೊದಲ ದೀಪ ಹತ್ತಿತು. ಆಮೇಲೆ ಎರಡನೆಯದು. ಮೂರನೆಯದು ಹತ್ತುವಾಗ ಅವಳು ತುಟಿ ಕಚ್ಚಿಕೊಂಡಿದ್ದಳು.

ತಿರುಗಿ ನೋಡಿದರೆ ಕೋಣೆ ತುಂಬಿತ್ತು. ರಾಯರು ಮಂಚದ ನಡುವೆ ಕುಳಿತು, ಪತ್ರ ಯಾವ ಕಡೆಯಿಂದ ಬೀಳುತ್ತದೆ ಎಂದು ಕೇಳುತ್ತಿದ್ದರು. ಊಟ ಮುಗಿಸಿ ಮಡಿ ಬಿಟ್ಟ ಜಾನಕೀಬಾಯಿ ದಿಂಬಿಗೆ ಒರಗಿದ್ದರು. ಮಾಳಮ್ಮ ತನ್ನ ಮಾಳಿಗೆಯ ಹಕ್ಕಿನ ಮೇಲೆ ಬಂದಿದ್ದಳು. ಪ್ರಮಿತಾಳ ಮುಖವನ್ನು ಶೌಕತ ಅಲಿ ಒಮ್ಮೆ ನೋಡಿದ. ಆಮೇಲೆ ತೊಲೆಯನ್ನು ನೋಡುತ್ತ ಸಾಮಾನು ಚೀಲಕ್ಕೆ ತುಂಬತೊಡಗಿದ.

"ಲೈನ್ ಹೊಸಾದ್ರಿ ರಾವ್ ಸಾಬ್. ಮೊದಲ ಒಂದೆರಡು ತಾಸು ಖೋಲ್ಯಾಗ ಒಬ್ಬರೇ ಇರಬೇಕು. ಮಂದಿ ಹೆಚ್ಚಾದ್ರ ಕಟ್ ಆಗ್ತದ."

ಸರ್ಕಾರಿ ನಿಯಮವೆಂದರೆ ರಾಯರಿಗೆ ವೇದ. ಅವರೇ ಮೊದಲು ಎದ್ದರು, ಉಳಿದವರನ್ನೂ ಎಬ್ಬಿಸಿದರು. ಬಾಗಿಲು ಮುಚ್ಚಿತು.

ಪ್ರಮಿತಾ ಅಗಳಿ ಹಾಕಿ ಕಂಪ್ಯೂಟರಿನ ಮುಂದೆ ಕುಳಿತಳು. ಆಮೇಲೆ, ವೆಂಕಟೇಶ ಕಲಿಸಿಕೊಟ್ಟಂತೆ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಾಗಿ ಕುಟ್ಟತೊಡಗಿದಳು. ಎರಡು ಮಾತು ಬರೆಯಬೇಕೆಂದು ಕುಳಿತವಳಿಗೆ ಒಂಬತ್ತು ವರ್ಷ ಒಟ್ಟಿಗೇ ಬಂತು. ಅತ್ತೆಯ ಸಾರಿನಲ್ಲಿ ಉಪ್ಪೂ ಇರುವುದಿಲ್ಲ ಹುಳಿಯೂ ಇರುವುದಿಲ್ಲ, ದಿನವೂ ಛಲೋ ಆಗಿದೆ ಎನ್ನುತ್ತೇನೆ ಎಂದು ಬರೆದಳು. ಗಂಡನ ಗೊರಕೆಗೆ ಕಿಟಕಿಯ ಗಾಜು ನಡುಗುತ್ತದೆ ಎಂದು ಬರೆದಳು. ಮಾವ ನನ್ನ ಪತ್ರ ಓದುವಾಗ ನಾಲ್ಕು ಜನರ ಮುಂದೆ ನನ್ನ ಟ್ರಂಕು ಬಿಚ್ಚಿ ಸೀರೆ ಒಂದೊಂದೇ ಎತ್ತಿ ತೋರಿಸಿದ ಹಾಗಾಗುತ್ತದೆ, ಎಂದು ಬರೆದಳು. ಕೊನೆಗೆ, ಯಾರಿಗೂ ಹೇಳದ್ದನ್ನು ಬರೆದಳು. ದಿನಾ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಹತ್ತು ನಿಮಿಷ ಹಾಗೇ ಕುಳಿತಿರುತ್ತೇನೆ, ಜಳಕ ಮಾಡುತ್ತಿದ್ದಾಳೆ ಅಂದುಕೊಳ್ಳಲಿ ಅಂತ. ಅಷ್ಟು ಹೊತ್ತು ನಾನು ಯಾರ ಏನೂ ಅಲ್ಲ ನೋಡು, ಬರೀ ಪಮ್ಮಿ.

ಮೂರೂಕಾಲಿಗೆ ಪತ್ರ ಹೋಯಿತು. ಎದೆಯ ಮೇಲಿನ ಬೀಸುಕಲ್ಲು ಇಳಿಸಿಟ್ಟಂತಾಯಿತು. ಅವಳು ಮಂಚದ ಮೇಲೆ ಅಂಗಾತ ಮಲಗಿ ತೊಲೆಗಳನ್ನು ಎಣಿಸಿದಳು, ಒಬ್ಬಳೇ ನಕ್ಕಳು.

ನಾಲ್ಕಕ್ಕೆ ಸರಿಯಾಗಿ ಉತ್ತರ ಬಂತು. ಭಾಗ್ಯಜ್ಯೋತಿಯ ಹೆಸರಿನಲ್ಲಿ ಮೂರೇ ಸಾಲು. "ಪಮ್ಮೀ, ನನಗ ಈ ಮಷೀನ್ ಬರಂಗಿಲ್ಲ. ಇಲ್ಲಿನ ಮಡಿವಾಳಯ್ಯನವರು ಭಾಳ ಛಲೋ ಮನಷ್ಯಾರು, ತಹಶೀಲ್ ಕಚೇರಿ ಮುಂದ ಇಪ್ಪತ್ತು ವರ್ಷ ಅರ್ಜಿ ಟೈಪ್ ಮಾಡಿದವರು. ನಿನ್ನ ಪತ್ರ ಓದಿ ಹೇಳಿ, ಉತ್ತರಾನೂ ಅವರೇ ಬರದಾರ." ಕೆಳಗೆ ಒಂದು ಹಾಳೆ ಲಗತ್ತಾಗಿತ್ತು. ಪ್ರಮಿತಾ ಅದನ್ನು ತೆರೆದಳು.

"ಮಾನ್ಯರೇ,

ವಿಷಯ: ಅತ್ತೆಯವರ ಸಾರು, ಪತಿಯವರ ಗೊರಕೆ, ಮಾವನವರ ಪತ್ರವಾಚನ ಹಾಗೂ ಇತರೆ ಮನೋವೇದನೆಗಳ ಕುರಿತು.

ಉಲ್ಲೇಖ: ಇಂದಿನ ತಮ್ಮ ಇ-ಮೇಲ್.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಒಂಬತ್ತು ವರ್ಷಗಳಿಂದ ಸದರಿ ಸಾರಿಗೆ ಸುಳ್ಳು ಪ್ರಶಂಸೆ ಸಲ್ಲಿಸುತ್ತ ಬಂದಿರುವುದನ್ನೂ, ಸ್ನಾನದ ನೆಪದಲ್ಲಿ ಬಚ್ಚಲಿನಲ್ಲಿ ದಿನಂಪ್ರತಿ ಹತ್ತು ನಿಮಿಷ ಸುಮ್ಮನೆ ಕುಳಿತಿರುವುದನ್ನೂ ವಿಷಾದದಿಂದ ಗಮನಿಸಲಾಗಿದೆ. ತಮ್ಮ ಪತ್ರವನ್ನು ಗಟ್ಟಿಯಾಗಿ ಓದಲಾಗಿ, ಸೆಂಟರಿನಲ್ಲಿ ಹಾಜರಿದ್ದ ಎಲ್ಲರೂ ಮರುಗಿದರು. ತಾವು ಧೈರ್ಯದಿಂದಿರತಕ್ಕದ್ದು. ಮೇಲ್ಕಂಡ ನಾಲ್ಕೂ ಅಂಶಗಳ ಬಗ್ಗೆ ಸಂಬಂಧಪಟ್ಟವರು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಲಾಗಿದೆ."

ಸಂಬಂಧಪಟ್ಟವರು ಎಂಬಲ್ಲಿ ಪ್ರಮಿತಾಳ ಬೆರಳು ನಿಂತಿತು. ಮೆಲ್ಲಗೆ ಹಾಳೆಯನ್ನು ಕೆಳಕ್ಕೆ ಸರಿಸಿದಳು. ಮಡಿವಾಳಯ್ಯನ ಸಹಿಯ ಕೆಳಗೆ, ಅರ್ಜಿ ಬರೆದು ಪಳಗಿದ ಕೈ ರೂಢಿಯಂತೆ ಸೇರಿಸಿದ ಇನ್ನೊಂದು ಸಾಲಿತ್ತು.

"ಪ್ರತಿಯನ್ನು ಮಾಹಿತಿಗಾಗಿ ಹಾಗೂ ಮುಂದಿನ ಕ್ರಮಕ್ಕಾಗಿ: ಮನೆಯ ಯಜಮಾನರಾದ ಶ್ರೀ ರಘೂತ್ತಮರಾಯರು, ಚಿತ್ತಾಪುರ ಇವರಿಗೆ. ರಿಜಿಸ್ಟರ್ ಅಂಚೆ ಮೂಲಕ, ಇಂದೇ ರವಾನಿಸಲಾಗಿದೆ."

ರಿಜಿಸ್ಟರ್ ಪತ್ರವೆಂದರೆ ಹೆಸರಿದ್ದವರೇ ಸಹಿ ಮಾಡಿ ತೆಗೆದುಕೊಳ್ಳಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಅದನ್ನು ಅವಳಿಗೆ ನೂರು ಸಲ ಹೇಳಿದವರು ರಾಯರೇ.

ಹೊರಗೆ ಬೆತ್ತದ ಕುರ್ಚಿ ಕಿರುಗುಟ್ಟಿತು. ಮುಚ್ಚಿದ ಬಾಗಿಲಿನ ಹತ್ತಿರ ಕೆಮ್ಮು ಕೇಳಿತು. ಒಂದೂವರೆ ತಾಸು ಪಡಸಾಲೆಯಲ್ಲಿ ಒಬ್ಬರೇ ಕುಳಿತು ಯೋಚಿಸಿದವರ ದನಿ ಅದು, ಮೆತ್ತಗಾಗಿತ್ತು.

"ಪ್ರಮಿತಾ, ಹೋದ ತಿಂಗಳ ನಾ ಹಂಗ ಓದಬಾರದಿತ್ತವ್ವಾ. ಇನ್ನ ಮ್ಯಾಲೆ ನಿನ್ನ ಪತ್ರ ನಾ ಮುಟ್ಟಂಗಿಲ್ಲ. ನನ್ನ ಹೆಸರಿಲೆ ಏನ ಬರ್ತದ, ಅದಷ್ಟೇ ಓದತೀನಿ."