ಬಿಡುಗಡೆಗೊಂಡ ಗೋಲ್‌ಕೀಪರ್ ಕುರಿತು ಪಡಬಹುದಾದ ಬೇಸರದ ಮಿತಿ

ಹಾಕಿ ಕ್ಲಬ್ ಆಡಳಿತ ಕಚೇರಿ
ತಂಡ ಪುನಾರಚನಾ ಶಾಖೆ
(ಮೈದಾನದ ಹಿಂಬದಿ ಕಟ್ಟಡ, ಮೊದಲ ಮಹಡಿ, ಮೆಟ್ಟಿಲು ದುರಸ್ತಿಯಲ್ಲಿದೆ)

ಸಂಖ್ಯೆ: ತಂಪುಶಾ/ಬಿಡುವು/ಗೋಕೀ/17(ಅ)

ಸುತ್ತೋಲೆ

ವಿಷಯ: ಬಿಡುವಿನ ತಿಂಗಳುಗಳಲ್ಲಿ ತಂಡದಲ್ಲಿ ಮಾಡಲಾದ ಬದಲಾವಣೆಗಳ ಬಗ್ಗೆ, ವಿಶೇಷವಾಗಿ ಗೋಲ್‌ಕೀಪರ್ ಅವರ ಬಿಡುಗಡೆಯ ಬಗ್ಗೆ, ಮೂರನೇ ಗೇಟಿನ ಅಭಿಮಾನಿಗಳು ವ್ಯಕ್ತಪಡಿಸುತ್ತಿರುವ ಬೇಸರವನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ:
1. ತಂಡ ಪುನಾರಚನಾ ಸಮಿತಿಯ ಸಭಾ ನಡವಳಿ (ಕೊನೆಯ ಪುಟ ಲಭ್ಯವಿಲ್ಲ).
2. ಬ್ಯಾಗು ರಿಪೇರಿ ಅಂಗಡಿಯವರೂ ಮೂರನೇ ಗೇಟಿನ ಅಭಿಮಾನಿಯೂ ಆದ ಒಬ್ಬರ ಹದಿನಾಲ್ಕು ಪತ್ರಗಳು. ಇವುಗಳಲ್ಲಿ ಮೂರು ರಟ್ಟಿನ ಮೇಲಿದ್ದು, ಕಡತಕ್ಕೆ ಪೋಣಿಸಲು ಆಗಿರುವುದಿಲ್ಲ.
3. ಸದರಿಯವರ ಅಕ್ಕ ಈ ಕಚೇರಿಯ ಎರಡನೇ ಕಿಟಕಿಯಲ್ಲಿ ನೀಡಿದ ಮೌಖಿಕ ಹೇಳಿಕೆ.

ಪ್ರಸ್ತಾವನೆ:

ತಂಡವನ್ನು ಬಲಪಡಿಸುವ ಏಕೈಕ ಉದ್ದೇಶದಿಂದ ಈ ಬಿಡುವಿನಲ್ಲಿ ಕೆಲವು ಆಟಗಾರರನ್ನು ಬಿಡುಗಡೆ ಮಾಡಿ, ಕೆಲವರನ್ನು ಹೊಸದಾಗಿ ಸೇರಿಸಿಕೊಳ್ಳಲಾಗಿದೆ. ಇದರಿಂದ ಅಭಿಮಾನಿಗಳೆಲ್ಲರೂ ಸಂತೋಷಗೊಂಡಿರುತ್ತಾರೆಂದು ಶಾಖೆಯು ತಾನೇ ವರದಿ ಬರೆದು, ತಾನೇ ಓದಿ, ನೆಮ್ಮದಿಯಿಂದಿತ್ತು. ಅಷ್ಟರಲ್ಲಿ ಉಲ್ಲೇಖ 2ರ ಅಭಿಮಾನಿಯು (ಇನ್ನು ಮುಂದೆ ‘ಸದರಿ ಅಭಿಮಾನಿ’) ಇದರಲ್ಲಿ ಮೂಗು ತೂರಿಸಿರುತ್ತಾರೆ.

ಸದರಿ ಅಭಿಮಾನಿಯ ಅಂಗಡಿಯು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದು, ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು ಹಾಗೂ ಜಿಪ್ಪು ಕಿತ್ತ ಬ್ಯಾಗುಗಳ ಸಾಲು ಬಿಟ್ಟರೆ ಕಾಲಿಡಲು ಜಾಗವಿರುವುದಿಲ್ಲ. ಕಳೆದ ಹನ್ನೊಂದು ವರ್ಷಗಳಿಂದ ಪ್ರತಿ ಬಿಡುವಿನಲ್ಲೂ ಗೋಲ್‌ಕೀಪರ್ ಅವರ ಕಾಲಿನ ಪ್ಯಾಡುಗಳು ಪಟ್ಟಿ ಬದಲಾಯಿಸಲು ಇದೇ ಅಂಗಡಿಗೆ ಬರುತ್ತಿದ್ದವು. ಈ ವರ್ಷವೂ ಸದರಿಯವರು ದಪ್ಪ ನೂಲಿಗೆ ಮೇಣ ಹಚ್ಚಿಟ್ಟು ಎರಡು ವಾರ ದಾರಿ ಕಾದಿರುತ್ತಾರೆ. ಪ್ಯಾಡುಗಳು ಬಾರದಿದ್ದಾಗ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು ಕಚೇರಿಗೆ ಬಂದು, ಸೂಚನಾ ಫಲಕದಲ್ಲಿ ‘ಬಿಡುಗಡೆ’ ಎಂಬ ಶೀರ್ಷಿಕೆಯಡಿ ಗೋಲ್‌ಕೀಪರ್ ಅವರ ಹೆಸರು ಓದಿ, ಗರ ಬಡಿದವರಂತೆ ಅರ್ಧ ಗಂಟೆ ನಿಂತಿದ್ದರೆಂದು ಕಾವಲುಗಾರರು ವರದಿ ಮಾಡಿರುತ್ತಾರೆ. ಫಲಕದ ಮುಂದೆ ಅರ್ಧ ಗಂಟೆ ನಿಲ್ಲಲು ಅವಕಾಶವಿಲ್ಲವೆಂದು ಅವರಿಗೆ ಅಲ್ಲಿಯೇ ತಿಳಿಸಲಾಗಿದೆ.

ಸದರಿ ಗೋಲ್‌ಕೀಪರ್ ಅವರನ್ನು ಗೇಟಿನವರೆಲ್ಲ ‘ರೇಡಿಯೊ’ ಎಂದು ಕರೆಯುವ ರೂಢಿಯಿದೆ. ಪಂದ್ಯ ಶುರುವಾದ ಕ್ಷಣದಿಂದ ಮುಗಿಯುವವರೆಗೆ ಅವರು ತಮ್ಮ ಆಟಗಾರರಿಗೆ ‘ಎಡಕ್ಕೆ ಬಾ’, ‘ಅವನ್ನ ಬಿಡಬೇಡ’, ‘ಕಣ್ಣೇನು ಜೇಬಲ್ಲಿಟ್ಕೊಂಡಿದ್ಯಾ’ ಇತ್ಯಾದಿಯಾಗಿ ಕೂಗುತ್ತಲೇ ಇರುತ್ತಿದ್ದರು. ಸದರಿ ಅಭಿಮಾನಿಯ ಅಕ್ಕನವರಿಗೆ ಏಳು ವರ್ಷಗಳ ಹಿಂದೆ ಕಣ್ಣು ಪೂರ್ತಿ ಹೋಗಿದ್ದು, ಆ ಬಳಿಕವೂ ಅವರು ತಮ್ಮನ ಪಕ್ಕದ ಆಸನವನ್ನು ಬಿಟ್ಟುಕೊಟ್ಟಿರುವುದಿಲ್ಲ. ರೇಡಿಯೊ ಅವರ ಬೈಗುಳದ ಮೇಲೆಯೇ ಚೆಂಡು ಎಲ್ಲಿದೆ, ಅಪಾಯ ಎಷ್ಟು ಹತ್ತಿರದಲ್ಲಿದೆ ಎಂಬುದನ್ನೆಲ್ಲ ತಿಳಿದುಕೊಳ್ಳುತ್ತಿದ್ದರೆಂದು ಹೇಳಲಾಗಿದೆ. ಸದರಿ ಅಭಿಮಾನಿಯ ಏಳನೇ ಪತ್ರದಲ್ಲಿ ಹೀಗಿದೆ: “ನಂಗೆ ಕೋಪಕ್ಕಿಂತ ಬೇಜಾರೇ ಜಾಸ್ತಿ ಸ್ವಾಮಿ. ಅಕ್ಕನಿಗೆ ಆಟ ನೀನೇ ಹೇಳು ಅಂತೀರಿ. ನಾನು ಗೋಲು ಬಿದ್ದ ಮೇಲೆ ಹೇಳ್ತೀನಿ. ಅವನು ಬೀಳೋ ಮುಂಚೆ ಹೇಳ್ತಿದ್ದ.”

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿದಂತೆ ಭಾವಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ.

ಸೂಚನೆಗಳು:

1. ಬಿಡುಗಡೆಯು ವೈಯಕ್ತಿಕ ದ್ವೇಷದಿಂದ ಆಗಿರುವುದಿಲ್ಲ. ಕಳೆದ ಋತುವಿನಲ್ಲಿ ಎಲ್ಲ ಆಟಗಾರರ ಸೊಂಟಕ್ಕೂ ಯಂತ್ರ ಕಟ್ಟಿ, ಯಾರು ಎಷ್ಟು ದೂರ ಓಡುತ್ತಾರೆಂದು ಅಳೆಯಲಾಗಿತ್ತು. ಉಳಿದವರು ಪ್ರತಿ ಪಂದ್ಯಕ್ಕೆ ಸರಾಸರಿ ಒಂಬತ್ತು ಕಿಲೋಮೀಟರ್ ಓಡಿದ್ದರೆ, ಗೋಲ್‌ಕೀಪರ್ ಅವರು ಒಂದು ಕಿಲೋಮೀಟರನ್ನೂ ಮುಟ್ಟಿರುವುದಿಲ್ಲ. ಅದರಲ್ಲಿಯೂ ಬಹುಪಾಲು ನೀರಿನ ಬಾಟಲಿಯವರೆಗೆ ಹೋಗಿಬಂದದ್ದಾಗಿದೆ. ಸದರಿಯವರು ಹನ್ನೊಂದು ವರ್ಷಗಳಿಂದ ಒಂದೇ ಕಡೆ ನಿಂತಿದ್ದರೆಂಬುದು ಇದರಿಂದ ಸಾಬೀತಾಗಿದೆ.

2. ಅದೇ ಅವಧಿಯಲ್ಲಿ ಅವರು ಒಂದೇ ಒಂದು ಗೋಲನ್ನೂ ಹೊಡೆದಿರುವುದಿಲ್ಲ. ಈ ಬಗ್ಗೆ ಸಮಾಧಾನಕರ ಉತ್ತರ ನೀಡಲು ಅವರಿಗೆ ಎರಡು ಅವಕಾಶ ಕೊಡಲಾಗಿತ್ತು. ಎರಡೂ ಬಾರಿ ಅವರು ನಕ್ಕಿರುತ್ತಾರೆ.

3. ಹೊಸದಾಗಿ ನಾಲ್ವರು ಮುನ್ನಡೆ ಆಟಗಾರರನ್ನು ಸೇರಿಸಿಕೊಂಡಿದ್ದು, ನಾಲ್ವರೂ ಎಡಬದಿಯವರು. ಬಲಬದಿಯಲ್ಲಿ ಯಾರು ಆಡುತ್ತಾರೆಂಬ ಸದರಿ ಅಭಿಮಾನಿಯ ಪ್ರಶ್ನೆಯು ಅಕಾಲಿಕವಾಗಿದೆ. ನಾಲ್ವರೂ ಒಟ್ಟಿಗೆ ಓಡಿಬರುವುದನ್ನು ನೋಡಲು ಚೆನ್ನಾಗಿರುತ್ತದೆಂದು ಸಮಿತಿಯ ಅಧ್ಯಕ್ಷರ ಭಾವಮೈದ ಅಭಿಪ್ರಾಯಪಟ್ಟಿರುತ್ತಾರೆ. ನಡುಬದಿಯ ಆಟಗಾರರೊಬ್ಬರ ಕಡತ ಸಿಗದ ಕಾರಣ ಅವರನ್ನು ಬಿಡುಗಡೆ ಮಾಡಲು ಸಾಧ್ಯವಾಗಿರುವುದಿಲ್ಲ. ತಂಡದಲ್ಲಿ ಈಗ ಆಟ ಬಲ್ಲವರು ಅವರೊಬ್ಬರೇ ಎಂಬ ಮಾತು ಕೇಳಿಬಂದಿದ್ದು, ಕಡತದ ಹುಡುಕಾಟ ಚುರುಕುಗೊಳಿಸಲಾಗಿದೆ.

4. ತಂಡದಲ್ಲಿ ಗೋಲ್‌ಕೀಪರೇ ಇಲ್ಲವೆಂಬ ಪ್ರಚಾರವು ಸತ್ಯಕ್ಕೆ ದೂರವಾದದ್ದು. ಹುದ್ದೆ ಇದೆ. ಹುದ್ದೆಗೆ ಹೆಲ್ಮೆಟ್ ಇದೆ, ಕಪಾಟು ಇದೆ, ಕಪಾಟಿಗೆ ಬೀಗವೂ ಇದೆ. ವ್ಯಕ್ತಿಯೊಬ್ಬರನ್ನು ಬಿಟ್ಟರೆ ಬೇರೆ ಯಾವ ಕೊರತೆಯೂ ಇರುವುದಿಲ್ಲ.

5. ಅಭಿಮಾನಿಗಳು ಬೇಸರಪಡುವುದನ್ನು ಕ್ಲಬ್ ಎಂದಿಗೂ ವಿರೋಧಿಸುವುದಿಲ್ಲ. ಆದರೆ ಅದನ್ನು ಈ ಕೆಳಗಿನ ಮಿತಿಯೊಳಗೆ ಪಡತಕ್ಕದ್ದು:

   (ಅ) ತಲೆಯ ಮೇಲೆ ಕೈ ಹೊತ್ತು ಕೂರುವವರು ಒಂದೇ ಕೈ ಬಳಸುವುದು. ಎರಡೂ ಕೈ ಹೊತ್ತರೆ ಹಿಂದಿನ ಸಾಲಿನವರಿಗೆ ಮೈದಾನ ಕಾಣುವುದಿಲ್ಲ.

   (ಆ) ಹಣೆ ಹಣೆ ಚಚ್ಚಿಕೊಳ್ಳಲು ಸ್ವಂತ ಕೈಯನ್ನೇ ಉಪಯೋಗಿಸುವುದು. ಕಂಬಿಗೆ ಚಚ್ಚಿಕೊಂಡಲ್ಲಿ ಬಣ್ಣ ಹೋಗುತ್ತದೆ.

   (ಇ) ನಿಟ್ಟುಸಿರನ್ನು ಚೆಂಡು ಮೈದಾನದ ಹೊರಗಿದ್ದಾಗ ಮಾತ್ರ ಬಿಡುವುದು.

   (ಈ) “ಇದೆಲ್ಲಾ ಯಾವನ್ ಮಾಡಿದ್ದು” ಎಂದು ಕೇಳುವವರು ಪ್ರಶ್ನೆಯನ್ನು ಏಕವಚನದಲ್ಲಿ ಕೇಳಬಾರದು. ಸಮಿತಿಯಲ್ಲಿ ಐವರಿದ್ದಾರೆ.

6. ‘ರೇಡಿಯೊ ಇದ್ದಿದ್ರೆ’ ಎಂದು ಆರಂಭವಾಗುವ ವಾಕ್ಯಗಳನ್ನು ಮೂರನೇ ಗೇಟಿನ ವ್ಯಾಪ್ತಿಯಲ್ಲಿ ನಿಷೇಧಿಸಲಾಗಿದೆ. ಅನಿವಾರ್ಯವಾದಲ್ಲಿ ನಮೂನೆ 9ರಲ್ಲಿ ಮೂರು ಪ್ರತಿಗಳೊಂದಿಗೆ ಅರ್ಜಿ ಸಲ್ಲಿಸಿ, ವಾಕ್ಯದ ಉಳಿದ ಭಾಗಕ್ಕೆ ಪೂರ್ವಾನುಮತಿ ಪಡೆಯತಕ್ಕದ್ದು.

7. ಅಕ್ಕನವರ ಅಹವಾಲನ್ನು ಮಾನವೀಯ ದೃಷ್ಟಿಯಿಂದ ಪರಿಗಣಿಸಿ, ಹಳೆಯ ಪಂದ್ಯವೊಂದರಿಂದ ಸದರಿ ಗೋಲ್‌ಕೀಪರ್ ಅವರ ಧ್ವನಿಯನ್ನು ಪ್ರತ್ಯೇಕಿಸಿ, ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಧ್ವನಿವರ್ಧಕದಲ್ಲಿ ಹಾಕುವ ವ್ಯವಸ್ಥೆ ಮಾಡಲಾಯಿತು. ಅಭ್ಯಾಸ ಪಂದ್ಯವೊಂದರಲ್ಲಿ ಇದನ್ನು ಪ್ರಯೋಗಿಸಲಾಗಿದ್ದು, ‘ಎಡಕ್ಕೆ ಬಾ’ ಎಂಬ ಕೂಗು ಕೇಳಿದೊಡನೆ ಮೊದಲೇ ಎಡದಲ್ಲಿದ್ದ ನಾಲ್ವರೂ ಇನ್ನಷ್ಟು ಎಡಕ್ಕೆ ಸರಿದು, ಇಬ್ಬರು ಗೆರೆ ದಾಟಿ ಮೈದಾನದಿಂದಲೇ ಹೊರಹೋಗಿರುತ್ತಾರೆ. ಈ ಅವಧಿಯಲ್ಲಿ ಬಲಬದಿಯಿಂದ ಆರು ಗೋಲುಗಳು ಬಿದ್ದಿವೆ. ಆಟಗಾರರು ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕಾಗಿ ಶಾಖೆಯು ಅವರನ್ನು ಅಭಿನಂದಿಸುತ್ತದೆ.

8. ಸದರಿ ಪಂದ್ಯಕ್ಕೆ ಅಕ್ಕನವರನ್ನೂ ಕರೆಸಲಾಗಿತ್ತು. ಎರಡನೇ ಕೂಗಿಗೇ ಅವರು ತಮ್ಮನ ತೋಳು ಹಿಡಿದು, “ಇದು ಅವನಲ್ಲ ಕಣೋ. ಬೈಯೋ ಮುಂಚೆ ಅವನು ಒಂದು ಉಸಿರು ಎಳ್ಕೊಳ್ತಿದ್ದ. ನಂಗೆ ಅದೇ ಸಾಕಾಗ್ತಿತ್ತು” ಎಂದು ಹೇಳಿರುವುದು ದಾಖಲಾಗಿದೆ. ಈ ಆಕ್ಷೇಪಣೆಯನ್ನು ತಕ್ಷಣ ಒಪ್ಪಿಕೊಂಡು, ಪ್ರತಿ ಕೂಗಿನ ಮುನ್ನ ಉಗ್ರಾಣ ಗುಮಾಸ್ತರ ಒಂದು ಉಸಿರನ್ನು ಸೇರಿಸಲಾಗಿದೆ. ಗುಮಾಸ್ತರಿಗೆ ಆ ದಿನ ಶೀತವಾಗಿದ್ದರಿಂದ ಉಸಿರಿನ ನಡುವೆ ಒಂದು ಸೀನು ಕೇಳಿಬರುತ್ತದೆ. ಅದನ್ನು ಆಟದ ಸೂಚನೆಯೆಂದು ಯಾರೂ ಭಾವಿಸಬಾರದು. ಅಕ್ಕನವರು ಇದನ್ನು ಕೇಳಿ ಎದ್ದು ಹೋಗಿರುವುದರಿಂದ ಆಕ್ಷೇಪಣೆ ಇತ್ಯರ್ಥವಾಗಿದೆಯೆಂದು ಪರಿಗಣಿಸಲಾಗಿದೆ.

9. ಬಿಡುಗಡೆಗೊಂಡ ಗೋಲ್‌ಕೀಪರ್ ಅವರನ್ನು ಹೊಳೆಯಾಚೆಯ ತಂಡವು ಬಾಚಿಕೊಂಡಿದ್ದು, ಹೊಸ ಋತುವಿನ ಮೊದಲ ಪಂದ್ಯವು ಅದೇ ತಂಡದ ವಿರುದ್ಧ ನಮ್ಮ ಮೈದಾನದಲ್ಲಿಯೇ ನಡೆಯಲಿದೆ. ಸದರಿಯವರು ದೂರದ ಗೋಲಿನಲ್ಲಿ ನಿಲ್ಲುವುದರಿಂದ ಮೂರನೇ ಗೇಟಿಗೆ ಅವರ ಧ್ವನಿ ತಲುಪುವುದಿಲ್ಲವೆಂದು ಸಮಿತಿಯು ನಿರಾಳವಾಗಿತ್ತು. ಆದರೆ ಅರ್ಧ ಆಟ ಮುಗಿದ ಮೇಲೆ ತಂಡಗಳು ಬದಿ ಬದಲಾಯಿಸುತ್ತವೆಂದೂ, ಆಗ ಅವರು ಮೂರನೇ ಗೇಟಿನ ಎದುರಿಗೇ, ಅಕ್ಕನವರಿಂದ ಹತ್ತು ಹೆಜ್ಜೆ ದೂರದಲ್ಲಿ ಬಂದು ನಿಲ್ಲುತ್ತಾರೆಂದೂ ಸದರಿ ಅಭಿಮಾನಿಯು ಹನ್ನೊಂದನೇ ಪತ್ರದಲ್ಲಿ ಗಮನಕ್ಕೆ ತಂದಿರುತ್ತಾರೆ. ಇದು ಸಮಿತಿಗೆ ಮೊದಲೇ ಗೊತ್ತಿತ್ತು. ಬದಿ ಬದಲಾಯಿಸುವ ಪದ್ಧತಿಯನ್ನು ಕೈಬಿಡುವಂತೆ ಪಂದ್ಯಾವಳಿಯ ಆಯೋಜಕರಿಗೆ ಬರೆಯಲಾಗಿದ್ದು, ಅವರು ಉತ್ತರಿಸುವ ಗೋಜಿಗೆ ಹೋಗಿರುವುದಿಲ್ಲ.

10. ಈ ಸುದ್ದಿ ತಿಳಿದಂದಿನಿಂದ ಅಕ್ಕನವರು ಮತ್ತೆ ಲವಲವಿಕೆಯಿಂದಿದ್ದು, ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ದಿನ ಎಣಿಸುತ್ತಿರುತ್ತಾರೆಂದು ತಿಳಿದುಬಂದಿದೆ. ತಾವು ಯಾರ ಪರ ಎಂದು ಲಿಖಿತವಾಗಿ ತಿಳಿಸುವಂತೆ ಅವರನ್ನು ಕೇಳಲಾಗಿತ್ತು. ಎರಡನೇ ಕಿಟಕಿಯಲ್ಲಿ ಅವರು ನೀಡಿದ ಹೇಳಿಕೆ ಇಂತಿದೆ: “ಗೆಲ್ಲೋದು ನಮ್ಮವರೇ ಗೆಲ್ಲಲಿ. ಆದ್ರೆ ಅವನಿಗೆ ಗೋಲು ಬೀಳಬಾರ್ದು.” ಸದರಿ ಕೋರಿಕೆಯು ಲೆಕ್ಕಕ್ಕೆ ಸಿಗದಿರುವುದರಿಂದ ಇದನ್ನು ಉಪಸಮಿತಿಗೆ ಒಪ್ಪಿಸಲಾಗಿದೆ. ಉಪಸಮಿತಿಯ ಮೂವರಲ್ಲಿ ಒಬ್ಬರು ತಮ್ಮ ಕೋರಿಕೆಯೂ ಅದೇ ಎಂದು ಬರೆದುಕೊಟ್ಟಿದ್ದು, ಅವರನ್ನು ಬದಲಾಯಿಸಲಾಗಿದೆ.

11. ನಮ್ಮ ಅಭಿಮಾನಿಗಳು ಎದುರಾಳಿಯ ಧ್ವನಿಯನ್ನು ನಮ್ಮ ಆಸನದಲ್ಲಿ ಕುಳಿತು ಆನಂದಿಸುವುದು ಶಿಸ್ತಿಗೆ ವಿರುದ್ಧವಾದದ್ದು. ಆದ್ದರಿಂದ ಮೊದಲ ಪಂದ್ಯದ ಉತ್ತರಾರ್ಧದಲ್ಲಿ ಮೂರನೇ ಗೇಟಿನವರೆಲ್ಲರೂ ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಈ ಮೂಲಕ ಕಡ್ಡಾಯಗೊಳಿಸಲಾಗಿದೆ. ಹತ್ತಿಯನ್ನು ಗೇಟಿನಲ್ಲಿ ತಲಾ ಎರಡು ಉಂಡೆಯಂತೆ ವಿತರಿಸಲಾಗುವುದು. ಒಂದೇ ಕಿವಿಗೆ ಎರಡನ್ನೂ ತುರುಕಿಕೊಂಡು ಇನ್ನೊಂದನ್ನು ತೆರೆದಿಡುವವರ ಮೇಲೆ ಕಣ್ಣಿಡಲಾಗುವುದು.

12. ನೋಡಬಲ್ಲವರಿಗೂ ನೋಡಲಾಗದವರಿಗೂ ನಿಯಮ ಒಂದೇ ಆಗಿರುವುದರಿಂದ ಅಕ್ಕನವರಿಗೆ ವಿನಾಯಿತಿ ನೀಡಲು ಬರುವುದಿಲ್ಲ. ಅವರು ತಾವಾಗಿ ಹತ್ತಿ ಇಟ್ಟುಕೊಳ್ಳಲು ಒಪ್ಪದಿದ್ದಲ್ಲಿ, ಸದರಿ ಅಭಿಮಾನಿಯೇ ಸ್ವತಃ ತನ್ನ ಕೈಯಾರೆ ಅಕ್ಕನ ಎರಡೂ ಕಿವಿಗೆ ಹತ್ತಿ ಇಡತಕ್ಕದ್ದು. ತಪ್ಪಿದಲ್ಲಿ ಹದಿನಾರು ವರ್ಷಗಳಿಂದ ಇಬ್ಬರ ಹೆಸರಿನಲ್ಲಿರುವ ಆಸನಗಳನ್ನು ರದ್ದುಪಡಿಸಿ, ಓಡಾಡಲು ಜಾಗವೆಂದು ಘೋಷಿಸಲಾಗುವುದು.

ಈ ಸೂಚನೆಗಳು ಹೊರಡಿಸಿದ ಕ್ಷಣದಿಂದ ಜಾರಿಗೆ ಬರುತ್ತವೆ. ಅರ್ಥವಾಗದವರಿಗೆ ಅದಕ್ಕೂ ಮೊದಲೇ ಜಾರಿಗೆ ಬಂದಿರುತ್ತವೆ.

ಸಹಿ/-
(ಸಹಿ ಓದಲಾಗುತ್ತಿಲ್ಲ)
ಪ್ರಭಾರ ಮೇಲ್ವಿಚಾರಕರು,
ತಂಡ ಪುನಾರಚನಾ ಶಾಖೆ

ಪ್ರತಿಗಳು:

1. ಸಮಿತಿಯ ಅಧ್ಯಕ್ಷರಿಗೆ, ಮಾಹಿತಿಗಾಗಿ. ಅವರ ಭಾವಮೈದನವರಿಗೆ, ಅನುಮೋದನೆಗಾಗಿ.
2. ಎಡಬದಿಯ ನಾಲ್ವರು ಆಟಗಾರರಿಗೆ (ಒಂದೇ ಪ್ರತಿ ಸಾಕು, ನಾಲ್ವರೂ ಒಂದೇ ಕಡೆ ಸಿಗುತ್ತಾರೆ).
3. ಗೋಲ್‌ಕೀಪರ್ ಅವರಿಗೆ (ಹುದ್ದೆ ಖಾಲಿಯಿರುವುದರಿಂದ ಪ್ರತಿಯನ್ನು ಗೋಲಿನ ಬಲೆಗೆ ಕಟ್ಟುವುದು).
4. ಉಗ್ರಾಣ ಗುಮಾಸ್ತರಿಗೆ, ಹತ್ತಿಯ ವ್ಯವಸ್ಥೆಗಾಗಿ.
5. ಸದರಿ ಅಭಿಮಾನಿಗೆ, ಪಾಲನೆಗಾಗಿ.
6. ಸದರಿ ಅಭಿಮಾನಿಯ ಅಕ್ಕನವರಿಗೆ. ಇವರು ಓದಲಾರರಾದ್ದರಿಂದ, ಸಹಿಯಾಗುವ ಮುನ್ನವೇ ಕರಡನ್ನು ಓದಿ ಹೇಳಿ ಬರಲು ಈ ಕಚೇರಿಯ ಟೈಪಿಸ್ಟರನ್ನು ಅಂಗಡಿಗೆ ಕಳುಹಿಸಲಾಗಿತ್ತು. ಅವರು ಹತ್ತನೇ ಅಂಶದವರೆಗೆ ಓದಿ, ಸುತ್ತೋಲೆ ಅಲ್ಲಿಗೇ ಮುಗಿಯಿತೆಂದು ಅಕ್ಕನವರಿಗೆ ಹೇಳಿ ವಾಪಸು ಬಂದಿರುತ್ತಾರೆ. ಈ ಬಗ್ಗೆ ಅವರಿಂದ ವಿವರಣೆ ಕೇಳಲಾಗಿದೆ.