ಹರಕೆ ಹುಂಜ ಬೆಳೆದ ಹಿತ್ತಲು

ಕೋಳಿ ಸಾಕಿದ ಮನೆಯಲ್ಲಿ ವಾರಕ್ಕೊಂದಾದರೂ ನಗುವಂಥದ್ದು ನಡೆಯುತ್ತದೆ. ನಡೆಯದ ವಾರ ಹಿತ್ತಲಿಗೆ ಮುಂಗುಸಿ ಬಂದಿದೆ ಎಂದು ತಿಳಿಯಬೇಕು.

ನಮ್ಮದು ಕಾಮಗೆರೆಗೆ ಹತ್ತಿರದ ಒಂದು ಸಣ್ಣ ಊರು. ಮನೆಯಲ್ಲಿ ಅಜ್ಜಿ, ಅವ್ವ, ನಾನು. ನಾನು ಬಿ.ಎಸ್ಸಿ. ಓದಿ ಕೊಳ್ಳೇಗಾಲದ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹಿತ್ತಲಲ್ಲಿ ಹದಿನಾಲ್ಕು ನಾಟಿ ಕೋಳಿಗಳಿವೆ. ಯಾವುದು ಯಾವತ್ತು ಕಾವಿಗೆ ಕೂತಿತು, ಎಷ್ಟು ಮರಿಯಾಯಿತು, ಯಾವುದಕ್ಕೆ ಏನು ಕಾಯಿಲೆ ಎಂದು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅಜ್ಜಿ ಏನನ್ನೂ ಬರೆಯುವುದಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಸಲ ಸರಿ ಎಂಬುದನ್ನು ಮಾತ್ರ ನಾನೂ ಬರೆದಿಟ್ಟಿಲ್ಲ.

೧. ಗಂಡೋ ಹೆಣ್ಣೋ

ಹಿಂದಿನ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಆರು ದಿನ ಆಸ್ಪತ್ರೆಯಲ್ಲಿದ್ದೆ. ರಕ್ತದ ವರದಿ ಬಂದಾಗಲೆಲ್ಲ ನಾನು ಪ್ಲೇಟ್‌ಲೆಟ್ ಅಂಕಿ ನೋಡುತ್ತಿದ್ದೆ, ಅವ್ವ ನನ್ನ ಮುಖ ನೋಡುತ್ತಿದ್ದಳು. ಅಂಕಿ ತೀರ ಕೆಳಗಿಳಿದ ದಿನ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಊರ ಮಾರಮ್ಮನಿಗೆ ಒಂದು ಕೆಂಪು ಹುಂಜದ ಹರಕೆ ಹೊತ್ತಳು. ಮಾರನೆಯ ದಿನ ಅಂಕಿ ಏರಿತು.

ಮನೆಗೆ ಬಂದು ನೋಡಿದರೆ ನಮ್ಮಲ್ಲಿ ಕೆಂಪು ಹುಂಜವೇ ಇಲ್ಲ. ಇದ್ದದ್ದು ಹತ್ತು ದಿನದ ಒಂಬತ್ತು ಮರಿ. ಕೊಂಡು ತಂದದ್ದು ಆಗದು, ಮನೆಯಲ್ಲೇ ಬೆಳೆದಿರಬೇಕು ಎಂದು ಅವ್ವನ ನಿಯಮ.

"ಇವುಗಳಲ್ಲಿ ಗಂಡು ಯಾವುದಮ್ಮಿ? ನೀನು ಅದ್ನೇ ಅಲ್ವಾ ಓದಿರದು?" ಎಂದಳು.

ಜುಟ್ಟು ಮೂಡುವ ತನಕ, ಅಂದರೆ ಇನ್ನೂ ಒಂದೂವರೆ ತಿಂಗಳು, ಖಚಿತವಾಗಿ ಹೇಳಲಾಗದು ಎಂದು ವಿವರಿಸಿದೆ. ಅಷ್ಟರಲ್ಲಿ ಅಜ್ಜಿ ಕುಕ್ಕರಗಾಲಲ್ಲಿ ಕೂತು ಒಂದು ಕೆಂಚು ಮರಿಯನ್ನು ಎತ್ತಿಕೊಂಡಿದ್ದಳು.

"ಇದೇಯ. ತಟ್ಟೆ ಮಧ್ಯಕ್ಕೆ ಕಾಲಿಕ್ಕಂಡು, ಮಿಕ್ಕಿದ್ದೋವ್ಕೆ ಬೆನ್ನು ತೋರ್ಸ್ಕಂಡು ತಿಂತಾ ಅದೆ. ಗಂಡಲ್ದೆ ಇನ್ನೇನು?"

ಒಂದೂವರೆ ತಿಂಗಳ ಮೇಲೆ ಅದೇ ಕೂಗಿತು.

ಅವ್ವ ಅದರ ಕಾಲಿಗೆ ಅರಿಸಿನದ ದಾರ ಕಟ್ಟಿದಳು. ಅಂದಿನಿಂದ ಅದು ಅಮ್ಮನದು. ನಮ್ಮ ಕಡೆ ಅಮ್ಮ ಎಂದರೆ ಮಾರಮ್ಮ, ಹೆತ್ತವಳು ಅವ್ವ. ಬರುವ ಹಬ್ಬದಲ್ಲಿ ಹುಂಜವನ್ನು ಗುಡಿಗೆ ಒಯ್ದು ಒಪ್ಪಿಸಬೇಕು, ಆಮೇಲೆ ಕೊಯ್ಯಬೇಕು. ಅಲ್ಲಿಯ ತನಕ ಸಾಕುವ ಹೊಣೆ ಅಜ್ಜಿಯದು.

"ಕುಯ್ಯ ಕೋಳಿಗೆ ಎಸ್ರಿಕ್ಬಾರ್ದು. ಆಮೇಲೆ ಕೈ ಬರಾಕಿಲ್ಲ," ಎಂದು ಹುಂಜಕ್ಕೆ ಹೆಸರಿಡದಂತೆ ಅಜ್ಜಿಯೇ ನಮಗೆ ಬುದ್ಧಿ ಹೇಳಿದಳು.

ಎರಡು ತಿಂಗಳಾಗುವಷ್ಟರಲ್ಲಿ ಅದು ದಿನಾ ಮಧ್ಯಾಹ್ನ ಅವಳ ತಟ್ಟೆಯ ಅಂಚಿಗೆ ನಿಂತು ಮುದ್ದೆ ಕುಕ್ಕುತ್ತಿತ್ತು. "ಏನಜ್ಜಿ ಇದು?" ಎಂದೆ.

"ಎಸ್ರೇನೂ ಇಕ್ಕಿಲ್ಲ ಕಣಮ್ಮಿ," ಎಂದಳು. "ಬರೀ ಊಟ ಇಕ್ಕಿವ್ನಿ."

೨. ಫೇಲಾದ ಮೊಟ್ಟೆ

ಕಾವಿಗೆ ಇಡುವಾಗ ಅಜ್ಜಿಗೆ ಮೂರು ಶಾಸ್ತ್ರ. ಮೊಟ್ಟೆ ಬೆಸ ಸಂಖ್ಯೆಯಲ್ಲಿರಬೇಕು, ಮಂಕರಿ ಬುಟ್ಟಿಯ ಅಂಚಿನಲ್ಲಿ ಒಂದು ಇದ್ದಿಲು ಇರಬೇಕು, ಗುಡುಗಿಗೆ ಕೆಡದಂತೆ ಒಂದು ಕಬ್ಬಿಣದ ಚೂರು ಇರಬೇಕು. ನನಗೆ ಒಂದೇ ಶಾಸ್ತ್ರ. ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು, ಒಳಗೆ ರಕ್ತನಾಳ ಕಂಡರೆ ಇಡಬೇಕು, ಕಾಣದಿದ್ದರೆ ತೆಗೆಯಬೇಕು.

ಹದಿಮೂರು ಮೊಟ್ಟೆ ಇಟ್ಟಿದ್ದೆವು. ನಾಲ್ಕನೆಯ ದಿನ ಪರೀಕ್ಷೆ ಮಾಡಿದೆ. ಮೂರು ಮೊಟ್ಟೆಯಲ್ಲಿ ಏನೂ ಕಾಣಲಿಲ್ಲ. ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿ ಹೊರಗಿಟ್ಟೆ.

ಅಜ್ಜಿ ಉಳಿದದ್ದನ್ನು ಮುಟ್ಟಿ ಮುಟ್ಟಿ ಎಣಿಸಿದಳು. "ಅತ್ತು. ಸಮ ಆಗೋಯ್ತಲ್ಲಮ್ಮಿ," ಎಂದು ಹೊರಗಿಟ್ಟದ್ದರಲ್ಲಿ ಒಂದನ್ನು ತೆಗೆದು ಕೋಳಿಯ ಕೆಳಗೆ ತೂರಿಸಿದಳು. ಕೊಳೆತು ಒಡೆದರೆ ಉಳಿದದ್ದೂ ಹಾಳು ಎಂದೆ. "ಒಡೆದ್ರೆ ನಾನೇ ಬಳೀತೀನಿ ಬುಡು."

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಮೊದಲ ಮರಿ ಹೊರಬಂದಿತ್ತು. ಪಕ್ಕದಲ್ಲಿ ಬಿದ್ದಿದ್ದ ಚಿಪ್ಪಿನ ಮೇಲೆ ನನ್ನ ಇಂಟು ಗುರುತು.

ತಪ್ಪು ಎಲ್ಲಿ ಎಂದು ಆಮೇಲೆ ತಿಳಿಯಿತು. ನಾಟಿ ಮೊಟ್ಟೆಯ ಚಿಪ್ಪು ಕಂದು, ದಪ್ಪ. ನಾಲ್ಕನೆಯ ದಿನ ನೋಡಬಾರದು, ಎಂಟನೆಯ ದಿನ ನೋಡಬೇಕು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಅಜ್ಜಿ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಂದೆ ಹಿಡಿದಳು.

"ನೀನು ಫೇಲ್ ಮಾಡಿದ್ದು ಫಸ್ಟು ಬಂದದೆ ನೋಡು, ಟೀಚರಮ್ಮ. ನಿನ್ ಇಸ್ಕೂಲ್ ಮಕ್ಳುನೂ ವಸಿ ತಾಳ್ಮೆಯಾಗಿ ನೋಡು."

೩. ತವರುಮನೆ

ಎದುರು ಮನೆಯ ಯಜಮಾನರು ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುವವರು. ಅವರ ಮನೆಗೆ ಮೊಟ್ಟೆ ಬರುವುದಿಲ್ಲ. ನಮ್ಮ ಕಪ್ಪು ಕೋಳಿಗೆ ಮೊಟ್ಟೆ ಇಡಲು ಊರಲ್ಲೆಲ್ಲ ಇಷ್ಟವಾದ ಜಾಗ ಅವರ ಜಗುಲಿಯ ಹುಲ್ಲಿನ ಮಂಕರಿ.

ಮೊದಲ ದಿನ ಅವರು ಬೀದಿಗೆ ಬಂದು ಕೂಗಿದರು. "ಅವ್ವಾ, ನಿಮ್ಮೋಳು ನಮ್ಮನೇಲಿ ಇಟ್ಬುಟ್ಟವ್ಳೆ! ಬಂದು ತಕಂಡೋಗ್ರಿ!" ನಾನು ಓಡಿಹೋಗಿ ತಂದೆ. ಅವರು ಜಗುಲಿಗೆ ಎರಡು ಬಿಂದಿಗೆ ನೀರು ಹುಯ್ದರು.

ಕೋಳಿ ಒಮ್ಮೆ ಜಾಗ ಹಿಡಿದರೆ ಬಿಡುವುದಿಲ್ಲ. ನಮ್ಮ ಮಂಕರಿಯಲ್ಲಿ ಮೊಟ್ಟೆಯಂಥ ಬಿಳಿ ಕಲ್ಲು ಇಟ್ಟು ನೋಡಿದೆ. ಒಂದು ವಾರ ಕೂಡಿಹಾಕಿಯೂ ನೋಡಿದೆ. ಬಿಟ್ಟ ಕೂಡಲೇ ಅದು ಬೀದಿ ದಾಟುತ್ತಿತ್ತು. ತಿಂಗಳಾಗುವ ಹೊತ್ತಿಗೆ ಯಜಮಾನರು ಕೂಗುವುದನ್ನು ಬಿಟ್ಟು ಮಿಸ್ಡ್ ಕಾಲ್ ಕೊಡತೊಡಗಿದರು. ಒಂದು ರಿಂಗ್ ಬಂದರೆ ಮೊಟ್ಟೆ ಬಂತು ಎಂದು ಅರ್ಥ.

ಒಮ್ಮೆ ಎರಡು ದಿನ ರಿಂಗ್ ಬರಲಿಲ್ಲ. ಮೂರನೆಯ ದಿನ ಅವರೇ ನಮ್ಮ ಬೇಲಿಯ ಹತ್ತಿರ ಬಂದು ನಿಂತರು.

"ಎಲ್ಡು ದಿನದಿಂದ ಬರ್ನಿಲ್ವಲ್ಲ. ಉಸಾರಿಲ್ವಾ?"

"ಕಾವಿಗೆ ಕೂತದೆ. ಇನ್ನು ಮೂರು ವಾರ ಬರಲ್ಲ," ಎಂದೆ.

ಅವರು ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿಗೆ ಒಂದು ಸೇರು ನುಚ್ಚು ತಂದು ಅಜ್ಜಿಯ ಮುಂದಿಟ್ಟರು. ಇದೇಕೆ ಎಂದು ಅಜ್ಜಿ ಕೇಳಿದಳು.

"ಇಟ್ಟಿದ್ದೆಲ್ಲ ನಮ್ಮನೇಲಲ್ವಾ?" ಎಂದರು. "ತವರುಮನೆ ಲೆಕ್ಕ. ಬರಿಗೈಲಿ ಬಾಣಂತಿ ನೋಡಕಾದದಾ?"

೪. ಕಣ್ಣಿಗೆ ಒಂದು ತೊಟ್ಟು

ಕೋಳಿಗಳಿಗೆ ಕೊಕ್ಕರೆ ರೋಗ ಎಂಬ ಸಾಂಕ್ರಾಮಿಕ ಬಂದರೆ ಹಿತ್ತಲಿಗೆ ಹಿತ್ತಲೇ ಖಾಲಿ. ಲಸಿಕೆಯೊಂದೇ ದಾರಿ. ಸಣ್ಣ ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಇಡೀ ಬೀದಿಗೆ ಹೇಳಿಕಳಿಸಿದೆ. ಕೊಳ್ಳೇಗಾಲದಿಂದ ಸೀಸೆಯನ್ನು ಟೀ ಫ್ಲಾಸ್ಕಿನಲ್ಲಿ ಐಸು ತುಂಬಿ ತಂದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಸಾಲು ನಿಂತರು. ಸಾಲಿನಲ್ಲಿ ಮೊದಲು ನಿಂತವಳು ಅಜ್ಜಿ, ಹರಕೆ ಹುಂಜದ ಜೊತೆ.

"ಅಬ್ಬಕ್ಕೆ ಇನ್ನು ಒಂದೇ ತಿಂಗ್ಳು. ಅದ್ಕ್ಯಾಕೆ ಲಸ್ಕೆ?" ಎಂದಳು ಅವ್ವ.

"ಕಾಯ್ಲೆ ಕೋಳಿಯ ಅಮ್ಮನ್ಗೆ ಒಪ್ಸಕಾದದಾ?" ಎಂದಳು ಅಜ್ಜಿ.

ಅಜ್ಜಿ ಹುಂಜದ ತಲೆಯನ್ನು ಎದೆಗೆ ಒತ್ತಿಕೊಂಡಳು. ನಾನು ಅದರ ಕಣ್ಣಿಗೆ ಒಂದು ತೊಟ್ಟು ಬಿಟ್ಟೆ. ಅದು ಎರಡು ಸಲ ರೆಪ್ಪೆ ಬಡಿದು ಸುಮ್ಮನಾಯಿತು. ಅಜ್ಜಿ ಅಲ್ಲಿಂದ ಕದಲಲಿಲ್ಲ. ಹಿಂದಿನವರು "ಓಗಮ್ಮೋ, ಬಿಸ್ಲು ಏರ್ತಾ ಅದೆ" ಎಂದರು.

"ಇರ್ರೋ," ಎಂದು ಅಜ್ಜಿ ಕತ್ತು ಹಿಂದಕ್ಕೆ ಬಾಗಿಸಿ ತನ್ನ ಕಣ್ಣನ್ನು ಬೆರಳಿನಿಂದ ಅಗಲಿಸಿದಳು. "ನಂಗೂ ಒಂದ್ ತೊಟ್ಟು ಬುಡಮ್ಮಿ. ಮಂಜು ಮಂಜಾಯ್ತಾ ಅದೆ."

೫. ಸತ್ತವನು ಮಾಡಿದ ಉಪಕಾರ

ಹಬ್ಬ ಹತ್ತಿರವಾದಂತೆ ಅಜ್ಜಿಯ ಮಾತು ಕಡಿಮೆಯಾಯಿತು. ಹುಂಜ ಎಲ್ಲಿದ್ದರೆ ಅವಳು ಅಲ್ಲಿ. ಹರಕೆ ಬೇಡ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ನಾನು ಅವಳ ಮೊಮ್ಮಗಳು, ಹರಕೆ ನನ್ನ ಜೀವದ್ದು.

ಹಬ್ಬಕ್ಕೆ ಎರಡು ದಿನವಿದ್ದಾಗ ಬಂಡಳ್ಳಿಯಿಂದ ಫೋನ್ ಬಂತು. ಅಜ್ಜಿಯ ಭಾವ, ಅಂದರೆ ನನ್ನ ಅಜ್ಜನ ಅಣ್ಣ, ತೀರಿಕೊಂಡಿದ್ದ. ತೊಂಬತ್ತರ ಹತ್ತಿರದ ವಯಸ್ಸು. ಬೇಲಿಯ ಜಗಳದಲ್ಲಿ ಅಜ್ಜಿಯೊಂದಿಗೆ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಸಾವಿನ ಸೂತಕ ಬಂದ ಮೇಲೆ ನಮ್ಮ ಮನೆಯಿಂದ ಗುಡಿಗೆ ಏನೂ ಹೋಗುವಂತಿಲ್ಲ. ಹರಕೆ ಮುಂದಕ್ಕೆ ಹೋಯಿತು.

ಅಜ್ಜಿ ಬಂಡಳ್ಳಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಅತ್ತಳು. ಬರುವಾಗ ಬಸ್ಸಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು.

"ಬದುಕಿರಗಂಟ ನಂಗೆ ಒಂದ್ ಒಳ್ಳೇದು ಮಾಡ್ನಿಲ್ಲ ಕಣಮ್ಮಿ. ಓಯ್ತಾ ಮಾಡ್ಬುಟ್ಟೋದ."

೬. ಅವ್ವನ ಲೆಕ್ಕ

ಹರಕೆ ಉಳಿದದ್ದು ಅಜ್ಜಿಗೆ ನೆಮ್ಮದಿ, ಅವ್ವನಿಗೆ ದಿಗಿಲು. ನಾನು ಒಂದು ಸಲ ಸೀನಿದರೆ ಅವಳು ಹುಂಜದ ಕಡೆ ನೋಡುತ್ತಿದ್ದಳು. ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ ಹಣೆ ಮುಟ್ಟಿ ನೋಡುತ್ತಿದ್ದಳು.

ಒಂದು ದಿನ ಕೂರಿಸಿಕೊಂಡು ಹೇಳಿದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮೊದಲು ಇಳಿಯುತ್ತದೆ, ಆಮೇಲೆ ಚೇತರಿಸಿಕೊಳ್ಳುವಾಗ ತಾನಾಗಿ ಏರುತ್ತದೆ. ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಅವ್ವ ಪೂರ್ತಿ ಕೇಳಿದಳು.

"ಅದ್ನೇಯ ನಾನೂ ಯೋಳದು. ಅಮ್ಮ ತಾನಾಗೇ ಏರ್ಸಿದ್ಲು. ನಾವು ಕೊಟ್ ಮಾತು ನಡೆಸ್ಬೇಕಲ್ವಾ?"

೭. ಮಂಗಳವಾರ

ಸೂತಕ ಕಳೆದ ಮೇಲೆ ಅವ್ವ ಒಂದು ಮಂಗಳವಾರ ಗೊತ್ತುಮಾಡಿದಳು. ಬರುವುದಿಲ್ಲ ಎಂದಿದ್ದ ಅಜ್ಜಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸೆರಗು ಸಿಕ್ಕಿಸಿ ನಿಂತಿದ್ದಳು. ದಾರಿಯುದ್ದಕ್ಕೂ ಹುಂಜ ಅವಳ ಕಂಕುಳಲ್ಲಿತ್ತು. ಅದು ಬೇವಿನ ಮರ ಕಂಡಾಗಲೆಲ್ಲ ಕೂಗಿತು.

ಗುಡಿಯಲ್ಲಿ ಒಂದು ಪದ್ಧತಿ ಇದೆ. ಪೂಜಾರಿ ಬೇವಿನ ಸೊಪ್ಪಿನಿಂದ ಕೋಳಿಯ ಮೇಲೆ ಅರಿಸಿನದ ನೀರು ಚಿಮುಕಿಸುತ್ತಾರೆ. ಕೋಳಿ ಮೈ ಕೊಡವಿ ಒದರಿದರೆ ಅಮ್ಮ ಒಪ್ಪಿದಳು ಎಂದು. ಒದರದೆ ಕೊಯ್ಯುವಂತಿಲ್ಲ.

ಪೂಜಾರಿ ನೀರು ಚಿಮುಕಿಸಿದರು. ಹುಂಜ ಒದರಲಿಲ್ಲ. "ಬಿಸ್ಲು ಬರ್ಲಿ," ಎಂದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿಮುಕಿಸಿದರು. ಹುಂಜ ನೆಲದಲ್ಲಿ ಬಿದ್ದಿದ್ದ ಅಕ್ಕಿಕಾಳು ಹೆಕ್ಕಿತು. ಮೂರನೆಯ ಸಲ ಇಡೀ ಚೊಂಬು ನೀರನ್ನು ಬೆನ್ನ ಮೇಲೆ ಸುರಿದರು. ಅದು ಕತ್ತೆತ್ತಿ ಪೂಜಾರಿಯ ಮುಖ ನೋಡಿ ಒಮ್ಮೆ ಉದ್ದಕ್ಕೆ ಕೂಗಿತು. ಮೈ ಒದರಲಿಲ್ಲ.

ಅವ್ವನ ಮುಖ ಬಿಳಿಚಿಕೊಂಡಿತು. ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತಡ ಮಾಡಿದ್ಕೆ ಅಮ್ಮ ಕ್ವಾಪ ಮಾಡ್ಕಂಡವ್ಳಾ, ಸ್ವಾಮಿ? ನನ್ ಮಗೀಗೆ ಏನಾರ ಆದದಾ?"

ಪೂಜಾರಿ ಹುಂಜವನ್ನು ನೋಡಿದರು, ಅವ್ವನನ್ನು ನೋಡಿದರು. ಕೊನೆಗೆ ಸೊಪ್ಪನ್ನು ತಟ್ಟೆಯಲ್ಲಿಟ್ಟರು.

"ಕ್ವಾಪ ಇಲ್ಲ ಕಣವ್ವ. ನಿನ್ ಮಗ್ಳು ಚೆನ್ನಾಗವ್ಳೆ, ಇದೂ ಚೆನ್ನಾಗಿರ್ಲಿ ಅಂತವ್ಳೆ. ಹರಕೆ ಮುಟ್ತು. ಒಂದ್ ಕಾಯಿ ಒಡ್ಸಿ, ಇದ್ನ ಮನ್ಗೆ ಕರ್ಕಂಡೋಗಿ ಸಾಕ್ಕಳಿ."

ಅವ್ವ ಅಲ್ಲೇ ಕೂತು ಅತ್ತುಬಿಟ್ಟಳು. ಒಂಬತ್ತು ತಿಂಗಳ ದಿಗಿಲು ಅಷ್ಟು ಹೊತ್ತಿಗೆ ಇಳಿಯಿತು. ಆಮೇಲೆ ನನ್ನ ಹಣೆ ಮುಟ್ಟಿ ನೋಡಲಿಲ್ಲ.

ವಾಪಸು ಬರುವಾಗ ಅವ್ವ ಕಾಯಿಯ ಹೋಳು ಹಿಡಿದು ಮುಂದೆ ನಡೆದಳು. ಅಜ್ಜಿಯ ಕೈ ಸೋತಿದೆ ಎಂದು ಹುಂಜವನ್ನು ನಾನು ಎತ್ತಿಕೊಂಡೆ. ಎತ್ತಿಕೊಂಡ ಕೂಡಲೇ ಅದು ಕೈಯಿಂದ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಅಂಗೈ ಮೂಸಿ ನೋಡಿದೆ. ಹರಳೆಣ್ಣೆ. ಬೆನ್ನ ಮೇಲೆ ಉಳಿದಿದ್ದ ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳುತ್ತಿತ್ತು. ನೀರು ಚರ್ಮ ಮುಟ್ಟಿದರೆ ತಾನೇ ಕೋಳಿ ಒದರುವುದು?

ಅವ್ವನಿಗೆ ಕೇಳಿಸದಂತೆ ಅಜ್ಜಿಯ ಪಕ್ಕಕ್ಕೆ ಸರಿದೆ. "ಅಜ್ಜಿ, ಇದಕ್ಕೆ ಎಣ್ಣೆ ಹಚ್ಚಿದ್ದೆಯಾ?"

"ಊಂ. ಅದ್ಕೆ ಇವತ್ತೇ ಅಬ್ಬ ಅಲ್ವಾ? ಅಬ್ಬದ ದಿನ ನೆತ್ತಿಗೆ ಎಣ್ಣೆ ಇಕ್ದೆ ಕಳ್ಸಕಾದದಾ?"

"ನೆತ್ತಿಗಲ್ಲ ಅಜ್ಜಿ. ಮೈಯೆಲ್ಲ ಇದೆ. ಪುಕ್ಕದ ಬುಡದ ತನಕ ಇದೆ."

ಅಜ್ಜಿ ಹುಂಜವನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಕಂಕುಳಿಗೆ ಸೇರಿಸಿದಳು. ಗುಡಿಯ ಕಡೆ ಒಮ್ಮೆ ತಿರುಗಿ ಕೈ ಮುಗಿದಳು.

"ನಾನು ಇಕ್ಕಿದ್ದು ನೆತ್ತಿಗೆ ಒಂದ್ ತೊಟ್ಟು ಕಣಮ್ಮಿ," ಎಂದಳು. "ಮಿಕ್ಕಿದ್ದ ಅಮ್ಮನೇ ಅಚ್ಚಿರ್ಬೇಕು."